ಕವಂದಿಯನ್ನು ಮಗುಚಿ ನೋಡಿ ಕೊಳ್ಳು

ತಂಗೀ, ದಾಂಡೇಲಿಗೆ ಬಂದವಳು ಹಾಗೇ ಸಾಂಬ್ರಾಣಿ ಕಡೆಗೂ ಬಂದು ಸಿದ್ದಿ ಹೆಂಗಸರು ಹೊಲಿದ ಕವಂದಿ ಕೊಳ್ಳುತ್ತೇನೆ ಎಂದೆಯಲ್ಲ, ಒಳ್ಳೆಯದಾಯಿತು. ದುಡ್ಡು ಬಿಚ್ಚುವ ಮೊದಲು ನನ್ನದೊಂದು ಮಾತು ಕೇಳು.

ಕವಂದಿ ಎಂದರೆ ನಿಮ್ಮೂರಿನ ಕೌದಿಯೇ. ಹಳೆಯ ಬಟ್ಟೆ ಎಂದು ಮೂಗು ಮುರಿಯಬೇಡ. ಉಟ್ಟು ಒಗೆದು ಮೆತ್ತಗಾದ ನೂಲಿನ ಸೀರೆಯೇ ಅದರ ಜೀವ. ಆದರೆ ಹಳೆಯದು ಬೇರೆ, ಲಡ್ಡಾದದ್ದು ಬೇರೆ. ತುಂಡನ್ನು ಹೆಬ್ಬೆರಳಲ್ಲಿ ಹಿಡಿದು ತುಸು ಎಳೆ, ಪಿಸಿದರೆ ಬಿಡು. ಮಿರಿಮಿರಿ ಪಾಲಿಸ್ಟರ್ ತುಂಡುಗಳೇ ತುಂಬಿದ್ದರೆ ಕಣ್ಣಿಗೆ ಚೆಂದ, ಹೊದ್ದರೆ ಬೆವರು.

ಆಮೇಲೆ ಮಗುಚಿ ನೋಡು. ಹೊಲಿಗೆಯ ನಿಜ ಹಿಂಬದಿಗೇ ಗೊತ್ತು. ಇಲ್ಲಿಯವರು ಒಂದು ಮೂಲೆಯಿಂದ ಶುರು ಮಾಡಿ, ತುಂಡಿನ ಅಂಚು ಒಳಗೆ ಮಡಚುತ್ತಾ, ಸುತ್ತಲೂ ಹೊಲಿದುಕೊಂಡು ನಡುವಿಗೆ ಬರುತ್ತಾರೆ. ಹಾಗಾಗಿ ದಾರದ ಸಾಲು ಅಂಚಿನಿಂದ ಒಳಮುಖವಾಗಿ ಸುತ್ತಬೇಕು, ಅಲ್ಲಲ್ಲಿ ಕೈ ಸೊಟ್ಟಗಾಗಿರಬೇಕು. ಗೆರೆ ಎಳೆದಷ್ಟು ನೆಟ್ಟಗಿದ್ದರೆ ಅದು ಮಷೀನಿನದು. ನಾಲ್ಕೂ ಮೂಲೆಯಲ್ಲಿ ಮಡಚಿ ಹೊಲಿದ ಮುಕ್ಕೋನದ 'ಫೂಲಾ' ಇದೆಯೇ ನೋಡು. ಅದಿಲ್ಲದ ಕವಂದಿಯನ್ನು ಇಲ್ಲಿಯ ಅಜ್ಜಿಯರು ಬತ್ತಲೆ ಎನ್ನುತ್ತಾರೆ. ಕೆಲವರು ಕೊನೆಯ ತುಂಡು ಮುಚ್ಚುವಾಗ ನಡುವೆ ನಾಲ್ಕು ಅಕ್ಕಿಕಾಳೂ ಇಡುತ್ತಾರೆ, ಕವಂದಿಯ ಹೊಟ್ಟೆ ತುಂಬಲಿ ಎಂದು. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರಿಶ್ಚಿಯನ್ನರಿದ್ದಾರೆ. ಒಂದರಲ್ಲಿ ಶಿಲುಬೆ, ಇನ್ನೊಂದರಲ್ಲಿ ಅರ್ಧಚಂದ್ರ ಕಂಡರೆ ಅಚ್ಚರಿಪಡಬೇಡ. ಕೂಸಿನದ್ದಕ್ಕೆ ಬಣ್ಣದ ಸಣ್ಣ ತುಂಡು ಜಾಸ್ತಿ.

ಇನ್ನು ರೇಟು. ಚಿಂದಿಗೆ ಇಷ್ಟೊಂದಾ ಎಂದು ಬಾಯಿ ತಪ್ಪಿಯೂ ಅನ್ನಬೇಡ. ಚಿಂದಿ ಹೊಲಿದವಳಿಗೆ ಪುಕ್ಕಟೆಯೇ ಸಿಕ್ಕಿರಬಹುದು, ಹೊಲದ ಕೂಲಿ, ಒಲೆ, ಮಕ್ಕಳು ಎಲ್ಲ ಮುಗಿದ ಮೇಲೆ ವಾರಗಟ್ಟಲೆ ಬಗ್ಗಿ ಕೂತದ್ದು ಪುಕ್ಕಟೆಯಲ್ಲ. ಇದೇ ಕವಂದಿಗಳನ್ನು 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಅಲ್ಲಿ ಕೈಕಟ್ಟಿ ನಿಂತು ನೋಡುವ ಜನರೇ ಇಲ್ಲಿಯ ಅಂಗಳದಲ್ಲಿ ನೂರು ರೂಪಾಯಿಗೆ ಜಗ್ಗಾಡುತ್ತಾರೆ, ನನಗೆ ಅದೊಂದು ಸೇರುವುದಿಲ್ಲ. ಆದಷ್ಟು ಹೊಲಿದವಳ ಕೈಗೇ ದುಡ್ಡು ಕೊಡು. ನಡುವಿನವರಿಂದ ಕೊಳ್ಳುವುದಾದರೆ ಹೊಲಿದವರು ಯಾರು, ಅವರಿಗೆ ಎಷ್ಟು ಮುಟ್ಟುತ್ತದೆ ಎಂದು ಕೇಳು. ಉತ್ತರ ತೊದಲಿದರೆ ಮುಂದೆ ನಡೆ. ಫೋಟೊ ತೆಗೆಯುವ ಮೊದಲೂ ಅವಳನ್ನು ಕೇಳು, ಅವಳ ಮನೆ ಪ್ರದರ್ಶನವಲ್ಲ.

ನನ್ನನ್ನು ಕೇಳಿದರೆ, ಸಿದ್ಧವಿದ್ದದ್ದನ್ನು ಕೊಳ್ಳುವುದಕ್ಕಿಂತ ನಿಮ್ಮಮ್ಮನ ಹಳೆಯ ನೂಲಿನ ಸೀರೆಗಳನ್ನು ಒಗೆದು ಗಂಟು ಕಟ್ಟಿ ತಂದು ಹೊಲಿಯಲು ಕೊಡು. ಅಳತೆ ಹೇಳು, ಅರ್ಧ ದುಡ್ಡು ಮುಂಗಡ ಕೊಡು, ಬಣ್ಣ ಜೋಡಿಸುವುದನ್ನು ಮಾತ್ರ ಅವಳಿಗೇ ಬಿಡು. ಅವಸರ ಮಾಡಬೇಡ. ಮನೆಗೆ ಒಯ್ದ ಮೇಲೆ ಗೋಡೆಗೆ ನೇತುಹಾಕದೆ ಹೊದ್ದುಕೋ. ಒದ್ದೆಯಾದರೆ ಒಬ್ಬರಿಂದ ಹಿಂಡಲಾಗದಷ್ಟು ಭಾರವಾಗುತ್ತದೆ, ಬಿಸಿಲಿರುವ ದಿನವೇ ಒಗೆ.