ಇನ್‌ಫೀಲ್ಡ್ ಕಾವಲು: ಆರು ಸ್ಥಾನ, ಆರು ಹೊಣೆ

ಹೋಮ್ ಪ್ಲೇಟ್ ಮತ್ತು ಮೂರು ಬೇಸ್‌ಗಳ ನಡುವಿನ ಚೌಕ, ಅದಕ್ಕೆ ಹೊಂದಿಕೊಂಡ ಮಣ್ಣಿನ ಅಂಗಳ ಸೇರಿದರೆ ಇನ್‌ಫೀಲ್ಡ್. ಬೇಸ್‌ಬಾಲ್‌ನಲ್ಲಿ ಬೇಸ್‌ಗಳ ನಡುವಿನ ಅಂತರ 90 ಅಡಿ, ಸಾಫ್ಟ್‌ಬಾಲ್‌ನಲ್ಲಿ 60 ಅಡಿ. ತಂಡದ ಒಂಬತ್ತು ಆಟಗಾರರಲ್ಲಿ ಆರು ಮಂದಿ ಇಲ್ಲಿರುತ್ತಾರೆ. ಚೆಂಡು ಸಿಗುವುದು ಒಬ್ಬರಿಗೆ, ಆದರೆ ಉಳಿದ ಐವರೂ ಅದೇ ಕ್ಷಣ ಎಲ್ಲಿಗಾದರೂ ಓಡಲೇಬೇಕು. ಹೊಸ ತಂಡಗಳು ಹೆಚ್ಚಾಗಿ ಎಡವುವುದು ಇಲ್ಲೇ.

ಮೊದಲು ಸ್ಥಾನಗಳು

ಸ್ಕೋರ್ ಪುಸ್ತಕದಲ್ಲಿ ಪ್ರತಿ ಸ್ಥಾನಕ್ಕೂ ಒಂದು ಸಂಖ್ಯೆ ಇದೆ: ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸ್ 3, ಸೆಕೆಂಡ್ ಬೇಸ್ 4, ಥರ್ಡ್ ಬೇಸ್ 5, ಶಾರ್ಟ್‌ಸ್ಟಾಪ್ 6. ಸೆಕೆಂಡ್ ಬೇಸ್ ಆಟಗಾರ ಬೇಸ್‌ನ ಮೇಲೆ ನಿಲ್ಲುವುದಿಲ್ಲ. ಫಸ್ಟ್ ಮತ್ತು ಸೆಕೆಂಡ್ ಬೇಸ್‌ಗಳ ನಡುವೆ, ಓಟದ ಗೆರೆಗಿಂತ ಹಿಂದೆ ನಿಲ್ಲುತ್ತಾನೆ. ಸೆಕೆಂಡ್ ಮತ್ತು ಥರ್ಡ್ ಬೇಸ್‌ಗಳ ನಡುವಿನ ಜಾಗ ಶಾರ್ಟ್‌ಸ್ಟಾಪ್‌ನದು. ಬಲಗೈ ಬ್ಯಾಟರ್‌ಗಳು ಜೋರಾಗಿ ಎಳೆದು ಹೊಡೆದ ಚೆಂಡು ಆ ಕಡೆಗೇ ಹೋಗುತ್ತದೆ, ಅಲ್ಲಿಂದ ಫಸ್ಟ್ ಬೇಸ್‌ಗೆ ಎಸೆತವೂ ಉದ್ದ. ಹಾಗಾಗಿ ಚುರುಕು ಕಾಲು ಮತ್ತು ಗಟ್ಟಿ ತೋಳು ಎರಡೂ ಇರುವವರಿಗೆ ಶಾರ್ಟ್‌ಸ್ಟಾಪ್ ಜಾಗ ಕೊಡುವುದು ಸರಿ. ಥರ್ಡ್ ಬೇಸ್‌ನಲ್ಲಿ ಯೋಚಿಸಲು ಸಮಯವೇ ಇರುವುದಿಲ್ಲ. ಅಲ್ಲಿ ಬೇಕಾದದ್ದು ಧೈರ್ಯ ಮತ್ತು ತಕ್ಷಣದ ಸ್ಪಂದನೆ. ಎಡಗೈ ಆಟಗಾರರಿಗೆ ಒಪ್ಪುವುದು ಫಸ್ಟ್ ಬೇಸ್. ಅವರ ಗ್ಲೌಸ್ ಬಲಗೈಯಲ್ಲಿದ್ದು ಅಂಗಳದ ಕಡೆಗೇ ಚಾಚಿರುತ್ತದೆ.

2023ರಿಂದ ಅಮೆರಿಕದ ಮೇಜರ್ ಲೀಗ್‌ನಲ್ಲಿ ಪಿಚರ್ ಎಸೆಯುವಾಗ ಸೆಕೆಂಡ್ ಬೇಸ್‌ನ ಎರಡೂ ಬದಿಗೆ, ಪಿಚರ್ ಮತ್ತು ಕ್ಯಾಚರ್ ಬಿಟ್ಟು, ಇಬ್ಬಿಬ್ಬರು ಇನ್‌ಫೀಲ್ಡರ್‌ಗಳು ಮಣ್ಣಿನ ಭಾಗದ ಹೊರ ಅಂಚಿನೊಳಗೇ ಇರಬೇಕೆಂಬ ನಿಯಮವಿದೆ.

ಪ್ರತಿ ಎಸೆತಕ್ಕೂ ಮುನ್ನ

ಎಷ್ಟು ಔಟ್ ಆಗಿದೆ, ಯಾವ ಬೇಸ್‌ನಲ್ಲಿ ಓಟಗಾರರಿದ್ದಾರೆ, ಚೆಂಡು ತನ್ನ ಕಡೆ ಬಂದರೆ ಎಲ್ಲಿಗೆ ಎಸೆಯಬೇಕು — ಈ ಮೂರನ್ನೂ ಎಸೆತಕ್ಕೆ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಚೆಂಡು ಕೈಗೆ ಬಂದ ಮೇಲೆ ಯೋಚಿಸುವಷ್ಟರಲ್ಲಿ ಓಟಗಾರ ಬೇಸ್ ಮುಟ್ಟಿರುತ್ತಾನೆ.

ಹಿಂದಿನಿಂದ ಮತ್ತೊಬ್ಬ ಓಡಿ ಬರುತ್ತಿರುವ ಕಾರಣಕ್ಕೆ ಓಟಗಾರ ಜಾಗ ಬಿಡಲೇಬೇಕಾದರೆ ಅದು ಫೋರ್ಸ್. ಆಗ ಚೆಂಡು ಹಿಡಿದು ಅವನು ಹೋಗಬೇಕಾದ ಬೇಸ್ ಮುಟ್ಟಿದರೆ ಸಾಕು. ಫೋರ್ಸ್ ಇಲ್ಲದಿದ್ದರೆ ಚೆಂಡಿರುವ ಕೈಯಿಂದಲೋ ಗ್ಲೌಸ್‌ನಿಂದಲೋ ಓಟಗಾರನನ್ನೇ ಮುಟ್ಟಬೇಕು, ಅದು ಟ್ಯಾಗ್. ಈ ವ್ಯತ್ಯಾಸ ಎಲ್ಲರಿಗೂ ಬಾಯಿಪಾಠವಾಗಿರಬೇಕು.

ನೆಲದ ಚೆಂಡು ಮತ್ತು ಡಬಲ್ ಪ್ಲೇ

ನೆಲದಲ್ಲಿ ಬರುವ ಚೆಂಡಿಗೆ ಕಾಯದೆ ಮುಂದೆ ನುಗ್ಗಬೇಕು. ಮಂಡಿ ಬಾಗಿಸಿ, ಗ್ಲೌಸ್ ನೆಲಕ್ಕೆ ತಾಗಿಸಿ, ಇನ್ನೊಂದು ಕೈಯನ್ನು ಮೇಲಿನಿಂದ ಮುಚ್ಚಿ ಹಿಡಿಯಬೇಕು. ಫಸ್ಟ್ ಬೇಸ್ ಆಟಗಾರ ಬೇಸ್‌ನ ಅಂಚಿಗೆ ಕಾಲಿಟ್ಟು ಎಸೆತದ ದಿಕ್ಕು ನೋಡಿದ ಮೇಲಷ್ಟೇ ಮೈ ಚಾಚಬೇಕು. ಮೊದಲೇ ಚಾಚಿದರೆ ಪಕ್ಕಕ್ಕೆ ಬಂದ ಎಸೆತ ತಪ್ಪುತ್ತದೆ. ಚೆಂಡನ್ನು ಅವನೇ ಬೇಸ್‌ನಿಂದ ದೂರ ಹೋಗಿ ಹಿಡಿಯಬೇಕಾಗಿ ಬಂದರೆ ಫಸ್ಟ್ ಬೇಸ್‌ಗೆ ಪಿಚರ್ ಓಡಬೇಕು. ಬಲಬದಿಗೆ ಚೆಂಡು ಹೋದ ಕ್ಷಣವೇ ಪಿಚರ್ ಆ ಕಡೆ ಹೊರಡುವುದನ್ನು ರೂಢಿ ಮಾಡಿಕೊಳ್ಳಬೇಕು.

ಒಂದೇ ಹೊಡೆತಕ್ಕೆ ಇಬ್ಬರನ್ನು ಔಟ್ ಮಾಡುವ ಡಬಲ್ ಪ್ಲೇ ಇನ್‌ಫೀಲ್ಡ್‌ನ ಅತ್ಯಂತ ಸುಂದರ ಕೆಲಸ. ಫಸ್ಟ್ ಬೇಸ್‌ನಲ್ಲಿ ಓಟಗಾರನಿದ್ದು ಇಬ್ಬರು ಇನ್ನೂ ಔಟ್ ಆಗಿಲ್ಲದಿದ್ದರೆ, ಶಾರ್ಟ್‌ಸ್ಟಾಪ್ ಹಿಡಿದ ಚೆಂಡು ಸೆಕೆಂಡ್ ಬೇಸ್‌ಗೆ ಬಂದ ಸಂಗಾತಿಯ ಕೈಸೇರಿ, ಅಲ್ಲಿಂದ ಫಸ್ಟ್ ಬೇಸ್‌ಗೆ ಹಾರುತ್ತದೆ. ಸ್ಕೋರ್ ಪುಸ್ತಕದಲ್ಲಿ ಇದು 6-4-3. ಚೆಂಡು ಸೆಕೆಂಡ್ ಬೇಸ್ ಆಟಗಾರನ ಕಡೆ ಹೋದರೆ ಬೇಸ್‌ಗೆ ಶಾರ್ಟ್‌ಸ್ಟಾಪ್ ಬರುತ್ತಾನೆ, ಆಗ 4-6-3. ಇದಕ್ಕಾಗಿ ಇಬ್ಬರೂ ಮೊದಲೇ ಒಂದೆರಡು ಹೆಜ್ಜೆ ಮುಂದಕ್ಕೆ, ಬೇಸ್‌ನ ಹತ್ತಿರಕ್ಕೆ ಸರಿದು ನಿಲ್ಲಬೇಕು. ಅವಸರದಲ್ಲಿ ಎರಡನೇ ಔಟ್‌ಗೆ ಆಸೆಪಟ್ಟು ಮೊದಲನೆಯದನ್ನು ಕಳೆದುಕೊಳ್ಳಬಾರದು.

ಬಂಟ್, ಬೇಸ್ ಕಳವು, ಎತ್ತರದ ಚೆಂಡು

ಬ್ಯಾಟರ್ ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಾಗಿಸಿ ಬಂಟ್ ಮಾಡಿದಾಗ ಫಸ್ಟ್ ಮತ್ತು ಥರ್ಡ್ ಬೇಸ್ ಆಟಗಾರರು ಮುಂದೆ ನುಗ್ಗುತ್ತಾರೆ. ಹಾಗೆ ಖಾಲಿಯಾದ ಫಸ್ಟ್ ಬೇಸ್‌ಗೆ ಸೆಕೆಂಡ್ ಬೇಸ್ ಆಟಗಾರ ಧಾವಿಸಬೇಕು, ಸೆಕೆಂಡ್ ಬೇಸ್‌ಗೆ ಶಾರ್ಟ್‌ಸ್ಟಾಪ್. ಯಾವ ಬೇಸ್‌ಗೆ ಎಸೆಯಬೇಕೆಂದು ಕೂಗಿ ಹೇಳುವುದು ಕ್ಯಾಚರ್‌ನ ಕೆಲಸ, ಏಕೆಂದರೆ ಇಡೀ ಅಂಗಳ ಎದುರಿಗೆ ಕಾಣುವುದು ಅವನೊಬ್ಬನಿಗೇ.

ಬ್ಯಾಟರ್ ಹೊಡೆಯುವುದನ್ನು ಕಾಯದೆ ಓಟಗಾರ ಸೆಕೆಂಡ್ ಬೇಸ್ ಕದಿಯಲು ಹೊರಟಾಗ ಬೇಸ್‌ಬಾಲ್‌ನಲ್ಲಿ ಕ್ಯಾಚರ್ ಸುಮಾರು 127 ಅಡಿ ದೂರ ಎಸೆಯಬೇಕು. ಆ ಎಸೆತವನ್ನು ಶಾರ್ಟ್‌ಸ್ಟಾಪ್ ಹಿಡಿಯಬೇಕೋ ಸೆಕೆಂಡ್ ಬೇಸ್ ಆಟಗಾರ ಹಿಡಿಯಬೇಕೋ ಎಂಬುದು ಸನ್ನೆಯಲ್ಲಿ ಮೊದಲೇ ಇತ್ಯರ್ಥವಾಗಿರಬೇಕು.

ಎತ್ತರಕ್ಕೆ ಹಾರಿದ ಚೆಂಡಿಗೆ ಇಬ್ಬರು ಓಡಿ ಡಿಕ್ಕಿಯಾಗುವ ಅಪಾಯವಿದೆ. ಇನ್‌ಫೀಲ್ಡ್‌ನಲ್ಲಿ ಸಾಮಾನ್ಯವಾಗಿ ಶಾರ್ಟ್‌ಸ್ಟಾಪ್‌ಗೆ ಮೊದಲ ಹಕ್ಕು. ಓಡಿ ಬರುತ್ತಿರುವ ಔಟ್‌ಫೀಲ್ಡರ್ ಕೂಗಿದರೆ ಇನ್‌ಫೀಲ್ಡರ್ ಬಿಟ್ಟುಕೊಡಬೇಕು. ಹಿಡಿಯುವವರು ಗಟ್ಟಿಯಾಗಿ ಕೂಗಲೇಬೇಕು.

ಔಟ್‌ಫೀಲ್ಡ್‌ನ ಆಳದಿಂದ ಬರುವ ಎಸೆತಕ್ಕೆ ನಡುವೆ ನಿಂತು ದಾಟಿಸುವವರೂ ಬೇಕು. ಎಡಬದಿಯಿಂದಾದರೆ ಶಾರ್ಟ್‌ಸ್ಟಾಪ್, ಬಲಬದಿಯಿಂದಾದರೆ ಸೆಕೆಂಡ್ ಬೇಸ್ ಆಟಗಾರ ಹೊರಗೆ ಓಡುತ್ತಾರೆ. ಪಿಚರ್ ಹೋಮ್ ಅಥವಾ ಥರ್ಡ್ ಬೇಸ್‌ನ ಹಿಂದೆ ನಿಂತು ತಪ್ಪಿದ ಎಸೆತವನ್ನು ತಡೆಯಬೇಕು.

ಸಾಫ್ಟ್‌ಬಾಲ್‌ನಲ್ಲಿ ಬದಲಾಗುವುದೇನು

ಅಂತರ ಕಡಿಮೆ ಇರುವುದರಿಂದ ಎಲ್ಲವೂ ಬೇಗ ನಡೆಯುತ್ತದೆ. ಬಂಟ್ ಹೆಚ್ಚು; ಹಾಗಾಗಿ ಫಸ್ಟ್ ಮತ್ತು ಥರ್ಡ್ ಬೇಸ್ ಆಟಗಾರರು ಬೇಸ್‌ಗಿಂತ ಮುಂದೆಯೇ, ಬ್ಯಾಟರ್‌ಗೆ ಹತ್ತಿರ ನಿಲ್ಲುತ್ತಾರೆ. ಇವರಿಗೂ ಪಿಚರ್‌ಗೂ ಮುಖದ ರಕ್ಷಾಕವಚ ಹಾಕಿಸುವುದು ಒಳ್ಳೆಯದು. ಪಿಚರ್ ಕೈಯಿಂದ ಚೆಂಡು ಬಿಡುವವರೆಗೆ ಓಟಗಾರ ಬೇಸ್ ಬಿಡುವಂತಿಲ್ಲ. ಫಸ್ಟ್ ಬೇಸ್ ಜೋಡಿ ಬೇಸ್ ಆಗಿರುವ ಕಡೆ ಬಿಳಿ ಭಾಗ ಕಾವಲಿನವರಿಗೆ, ಗೆರೆಯಾಚೆಯ ಬಣ್ಣದ ಭಾಗ ಓಟಗಾರರಿಗೆ. ಇದರಿಂದ ಡಿಕ್ಕಿ ತಪ್ಪುತ್ತದೆ.

ಶಾಲಾ ತಂಡಗಳಿಗೆ ತರಬೇತಿ ಕೊಡುವವರು ಚೆಂಡಿಲ್ಲದ ಅಭ್ಯಾಸದಿಂದ ಆರಂಭಿಸಲಿ. "ಥರ್ಡ್ ಬೇಸ್ ಕಡೆ ಬಂಟ್, ಫಸ್ಟ್‌ನಲ್ಲಿ ಓಟಗಾರ" ಎಂದು ಕೂಗಿ, ಆರು ಮಂದಿಯೂ ತಮ್ಮ ತಮ್ಮ ಜಾಗಕ್ಕೆ ಓಡಿದರೇ ಎಂದು ನೋಡಲಿ. ಓಟ ತಪ್ಪಿಲ್ಲದೆ ಬಂದ ಮೇಲೆ ಚೆಂಡು ಕೊಡಲಿ.