ರಕ್ತದ ಚೀಟಿ ಓದೋಣ: ಹೋಮೋಸಿಸ್ಟೀನ್ ಮತ್ತು ಒಳ್ಳೆಯ ಕೊಲೆಸ್ಟ್ರಾಲ್

ರಕ್ತ ಪರೀಕ್ಷೆಯ ಚೀಟಿಯಲ್ಲಿ ಹೋಮೋಸಿಸ್ಟೀನ್ ಹೆಚ್ಚು ಎಂದೋ, ಒಳ್ಳೆಯ ಕೊಲೆಸ್ಟ್ರಾಲ್ ಕಡಿಮೆ ಎಂದೋ ಬಂದರೆ ಹೃದಯಕ್ಕೆ ಏನಾಯಿತೋ ಎಂದು ಗಾಬರಿಯಾಗುತ್ತದೆ. ಈ ಎರಡು ಅಂಕಿಗಳು ಏನು ಹೇಳುತ್ತವೆ, ನಾವು ಏನು ಮಾಡಬೇಕು ಎಂಬುದೇ ಈ ಸಂಚಿಕೆಯ ಆರೋಗ್ಯ ಪಾಠ.

ಹೋಮೋಸಿಸ್ಟೀನ್ ಎಂದರೇನು?
ನಾವು ತಿನ್ನುವ ಪ್ರೋಟೀನಿನಿಂದ ದೇಹದೊಳಗೆ ಉಂಟಾಗುವ ವಸ್ತು ಇದು. ಬಿ12, ಬಿ6 ಮತ್ತು ಫೋಲಿಕ್ ಆಮ್ಲ ಎಂಬ ಜೀವಸತ್ವಗಳು ಇದನ್ನು ಉಪಯೋಗಕ್ಕೆ ಬರುವ ಬೇರೆ ವಸ್ತುಗಳಾಗಿ ಬದಲಿಸುತ್ತವೆ. ಅವು ಸಾಲದಿದ್ದರೆ ಹೋಮೋಸಿಸ್ಟೀನ್ ರಕ್ತದಲ್ಲೇ ಉಳಿದು ಹೆಚ್ಚುತ್ತದೆ. ಲೀಟರ್ ರಕ್ತದಲ್ಲಿ 5ರಿಂದ 15 ಮೈಕ್ರೋಮೋಲ್ ಇದ್ದರೆ ಸಾಮಾನ್ಯ. ಮೂತ್ರಪಿಂಡದ ಕಾಯಿಲೆ, ಥೈರಾಯ್ಡ್ ಕೊರತೆಯಿಂದಲೂ ಇದು ಏರುತ್ತದೆ. ಇದು ಬಹಳ ಹೆಚ್ಚಿದ್ದ ಮಕ್ಕಳ ರಕ್ತನಾಳಗಳು ಹಾಳಾಗಿದ್ದನ್ನು 1969ರಲ್ಲಿ ಅಮೆರಿಕದ ವೈದ್ಯ ಕಿಲ್ಮರ್ ಮೆಕಲ್ಲಿ ತೋರಿಸಿದರು. ಹೃದ್ರೋಗದ ಜೊತೆ ಇದರ ಹೆಸರು ಸೇರಿದ್ದು ಅಲ್ಲಿಂದ.

ಒಳ್ಳೆಯ ಕೊಲೆಸ್ಟ್ರಾಲ್ ಎಂದರೇನು?
ಚೀಟಿಯಲ್ಲಿ ಎಚ್‌ಡಿಎಲ್ ಎಂದು ಬರೆದಿರುತ್ತದೆ. ರಕ್ತನಾಳದ ಗೋಡೆಯಲ್ಲಿನ ಕೊಬ್ಬನ್ನು ಯಕೃತ್ತಿಗೆ ಸಾಗಿಸುವ ಕೆಲಸ ಇದರದು. ಹೆಂಗಸರಲ್ಲಿ 50ಕ್ಕಿಂತ ಕಡಿಮೆಯಿದ್ದರೆ ಕಡಿಮೆ ಎಂದು ಲೆಕ್ಕ. ಎಲ್‌ಡಿಎಲ್ ಎಂಬುದು ಕೆಟ್ಟ ಕೊಲೆಸ್ಟ್ರಾಲ್. ರಕ್ತನಾಳದಲ್ಲಿ ಕಟ್ಟಿಕೊಳ್ಳುವುದು ಅದು.

ಮಾತ್ರೆ ನುಂಗಿದರೆ ಸಾಕೇ?
ಜೀವಸತ್ವದ ಮಾತ್ರೆಯಿಂದ ಹೋಮೋಸಿಸ್ಟೀನ್ ಇಳಿಯುತ್ತದೆ. ಆದರೆ 2006ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ, ಅದು ಇಳಿದರೂ ಹೃದಯಾಘಾತ ಕಡಿಮೆಯಾಗಲಿಲ್ಲ. ಅದೇ ವರ್ಷ ಎಚ್‌ಡಿಎಲ್ ಏರಿಸುವ ಟಾರ್ಸೆಟ್ರಾಪಿಬ್ ಎಂಬ ಔಷಧದ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಎಚ್‌ಡಿಎಲ್ ಚೆನ್ನಾಗಿ ಏರಿತ್ತು, ಆದರೆ ಔಷಧ ತೆಗೆದುಕೊಂಡವರಲ್ಲೇ ಸಾವು ಹೆಚ್ಚಿತ್ತು.

ಇದು ನಮಗೆ ತಿಳಿಯದ ವಿಷಯವಲ್ಲ. ನೀರು ಬೆರೆತ ಹಾಲಿಗೆ ಸಕ್ಕರೆ ಹಾಕಿದರೆ ಲ್ಯಾಕ್ಟೋಮೀಟರ್ ಡಿಗ್ರಿ ಏರುತ್ತದೆ, ಹಾಲು ಮಾತ್ರ ಒಳ್ಳೆಯದಾಗುವುದಿಲ್ಲ. ಹೋಮೋಸಿಸ್ಟೀನ್, ಎಚ್‌ಡಿಎಲ್ ಕೂಡ ಹಾಗೆಯೇ. ಅಂಕಿ ಕೆಟ್ಟಿದ್ದರೆ ಅದರ ಹಿಂದಿನ ಕಾರಣ ಹುಡುಕಬೇಕು.

ನಾವು ಮಾಡಬೇಕಾದ್ದು
1. ಹೋಮೋಸಿಸ್ಟೀನ್ ಹೆಚ್ಚಿದ್ದರೆ ಬಿ12 ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಸುಸ್ತು, ಕಾಲು ಜೋಮು, ರಕ್ತಹೀನತೆ ಬಿ12 ಕೊರತೆಯ ಲಕ್ಷಣಗಳು. ಕೊರತೆಯಿದ್ದರೆ ಚಿಕಿತ್ಸೆ ಬೇಕೇ ಬೇಕು.
2. ಬಿ12 ಸೊಪ್ಪು, ಕಾಳುಗಳಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ಒಂದು ದೊಡ್ಡ ಲೋಟ (250 ಮಿ.ಲೀ.) ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಇರುತ್ತದೆ. ನಮಗೆ ದಿನಕ್ಕೆ ಬೇಕಾದುದರಲ್ಲಿ ಅದು ಹೆಚ್ಚುಕಡಿಮೆ ಅರ್ಧ. ಕರೆದ ಹಾಲನ್ನೆಲ್ಲ ಡೈರಿಗೆ ಹಾಕಿ ಕರಿ ಚಹಾ ಕುಡಿಯಬೇಡಿ. ನಿಮ್ಮ ಪಾಲಿನ ಲೋಟವನ್ನು ಮೊದಲೇ ತೆಗೆದಿಡಿ. ಎಲ್‌ಡಿಎಲ್ ಹೆಚ್ಚಿರುವವರು ಕೆನೆ ತೆಗೆದು ಕುಡಿಯಿರಿ.
3. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳೇ ಬಿ12 ತಯಾರಿಸುತ್ತವೆ. ಅದಕ್ಕೆ ಅವುಗಳಿಗೆ ಕೋಬಾಲ್ಟ್ ಬೇಕು. ಹಸುವಿಗೆ ಖನಿಜ ಮಿಶ್ರಣ ತಪ್ಪಿಸಬೇಡಿ.
4. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಬಿಡಿ.
5. ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ ಪರೀಕ್ಷೆ ಮಾಡಿಸಿ. ಬಿಪಿ, ಸಕ್ಕರೆ, ಎಲ್‌ಡಿಎಲ್ ಹತೋಟಿಗೆ ಬಂದರೆ ಹೃದಯಾಘಾತ ನಿಜವಾಗಿಯೂ ಕಡಿಮೆಯಾಗುತ್ತದೆ. ವೈದ್ಯರು ಕೊಟ್ಟ ಮಾತ್ರೆಯನ್ನು ನಡುವೆ ನಿಲ್ಲಿಸಬೇಡಿ.

ಹೆಂಗಸರಲ್ಲಿ ಹೃದಯಾಘಾತ ಎದೆನೋವಾಗಿಯೇ ಬರಬೇಕೆಂದಿಲ್ಲ. ಏದುಸಿರು, ತಣ್ಣನೆಯ ಬೆವರು, ವಾಕರಿಕೆ, ದವಡೆ ಅಥವಾ ಬೆನ್ನಿನ ನೋವು, ಎಂದೂ ಇಲ್ಲದ ಸುಸ್ತು ಕಾಣಿಸಬಹುದು. ಗ್ಯಾಸ್ ಎಂದು ಸುಮ್ಮನಾಗಬೇಡಿ, ಹಾಲು ಕರೆದು ಹೋಗೋಣ ಎಂದು ಕಾಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ.

ಸಂಘದ ಸಭೆಯಲ್ಲಿ ಚರ್ಚಿಸಿ: ನಮ್ಮಲ್ಲಿ ಎಷ್ಟು ಮಂದಿ ದಿನಕ್ಕೊಂದು ಲೋಟ ಹಾಲು ಕುಡಿಯುತ್ತೇವೆ? ಈ ವರ್ಷ ಎಷ್ಟು ಮಂದಿ ಬಿಪಿ ನೋಡಿಸಿದ್ದೇವೆ?