ಮೇವಿನ ಹುಲ್ಲಿಗೆ ನ್ಯಾನೋ ಯೂರಿಯಾ: ಹೊಡೆಯುವ ಮುನ್ನ



ಕಳೆದ ತಿಂಗಳು ಡೇರಿ ಮುಂದೆ ರಾಸುಗಳಿಗೆ ಲಸಿಕೆ ಹಾಕುತ್ತಿದ್ದಾಗ ಸದಸ್ಯೆಯೊಬ್ಬರು ಕೈಚೀಲದಿಂದ ಅರ್ಧ ಲೀಟರಿನ ಬಾಟಲಿ ತೆಗೆದು ತೋರಿಸಿದರು. "ಡಾಕ್ಟ್ರೇ, ಇದೊಂದು ಹೊಡೆದ್ರೆ ಯೂರಿಯಾ ಮೂಟೆನೇ ಬೇಡವಂತೆ. ಸೀಮೆಹುಲ್ಲಿಗೆ ಹೊಡೀಲಾ? ಹಸುಗೆ ಏನೂ ಆಗಲ್ವಾ?" ಬೆಳೆ ನನ್ನ ಓದಿನ ವಿಷಯವಲ್ಲ. ಆದರೆ ಆ ಹುಲ್ಲು ಹಸುವಿನ ಹೊಟ್ಟೆಗೇ ಬರುವುದರಿಂದ ಉತ್ತರ ಹೇಳಬೇಕಾಯಿತು.

ಇಫ್ಕೋ ಸಂಸ್ಥೆ 2021ರಲ್ಲಿ ಮಾರುಕಟ್ಟೆಗೆ ತಂದ ದ್ರವ ಗೊಬ್ಬರ ಇದು. ಇದರ ಕಣಗಳು ತಲೆಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲಿಗಿಂತಲೂ ಚಿಕ್ಕವು. ಎಲೆಯ ಸಣ್ಣ ರಂಧ್ರಗಳ ಮೂಲಕ ಒಳಗೆ ಇಳಿಯಲಿ ಎಂಬುದು ಉದ್ದೇಶ. ಹಾಗಾಗಿ ಇದನ್ನು ಎಲೆಗೆ ಸಿಂಪಡಿಸಬೇಕೇ ಹೊರತು ಬುಡಕ್ಕೆ ಸುರಿಯುವುದಲ್ಲ.

ಈಗ ಲೆಕ್ಕ ನೋಡಿ. 45 ಕೆ.ಜಿ. ಯೂರಿಯಾ ಮೂಟೆಯಲ್ಲಿ ಶೇ. 46ರಷ್ಟು, ಅಂದರೆ 20 ಕೆ.ಜಿ.ಗೂ ಹೆಚ್ಚು ಸಾರಜನಕವಿದೆ. ಮೊದಲು ಬಂದ ಶೇ. 4ರ ಬಾಟಲಿಯಲ್ಲಿ ಇರುವುದು ಸುಮಾರು 20 ಗ್ರಾಂ. ಆಮೇಲೆ ಬಂದ ಶೇ. 20ರ ಬಾಟಲಿಯಲ್ಲಿ ಸುಮಾರು 100 ಗ್ರಾಂ. ನೀವು ಒಂದು ಟನ್ ಹಸಿ ನೇಪಿಯರ್ ಕೊಯ್ದರೆ ಅದರ ಜೊತೆ ಎರಡರಿಂದ ಎರಡೂವರೆ ಕೆ.ಜಿ. ಸಾರಜನಕ ಹೊಲದಿಂದ ಹೊರಗೆ ಹೋಗುತ್ತದೆ. 100 ಗ್ರಾಂ ಅದನ್ನು ತುಂಬುವುದು ಹೇಗೆ? ಲುಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಎರಡು ವರ್ಷ ಭತ್ತ, ಗೋಧಿಯಲ್ಲಿ ಪ್ರಯೋಗ ಮಾಡಿತು. ಮೂಟೆ ಯೂರಿಯಾ ಕಡಿಮೆ ಮಾಡಿ ನ್ಯಾನೋ ಹೊಡೆದಾಗ ಇಳುವರಿಯೂ ಇಳಿಯಿತು, ಕಾಳಿನ ಪ್ರೋಟೀನೂ ಇಳಿಯಿತು. ನಮಗೆ ಚಿಂತೆ ಆ ಪ್ರೋಟೀನಿನದು. ಹುಲ್ಲಿನಲ್ಲಿ ಅದು ಕಡಿಮೆಯಾದರೆ ಹಾಲು ಉಳಿಸಿಕೊಳ್ಳಲು ಹಿಂಡಿಗೆ ದುಡ್ಡು ಸುರಿಯಬೇಕಾಗುತ್ತದೆ.

ಆದ್ದರಿಂದ ಬಾಟಲಿ ನಂಬಿ ಕೊಟ್ಟಿಗೆ ಗೊಬ್ಬರ, ಮೂಟೆ ಗೊಬ್ಬರ ನಿಲ್ಲಿಸಬೇಡಿ. ಹುಲ್ಲಿನ ಪಕ್ಕ ನಾಲ್ಕು ಸಾಲು ಅಲಸಂದೆಯನ್ನೋ ಕುದುರೆ ಮಸಾಲೆಯನ್ನೋ ಹಾಕಿದರೆ ಅವು ಗಾಳಿಯ ಸಾರಜನಕವನ್ನೇ ಹಿಡಿದು ಬೆಳೆಯುತ್ತವೆ, ಮೇವಿಗೆ ಪ್ರೋಟೀನೂ ಸಿಗುತ್ತದೆ. ಮೂಟೆ ಬೇಕಾದರೆ ಬಾಟಲಿಯನ್ನೂ ಕೊಳ್ಳಲೇಬೇಕು ಎಂದು ಕೆಲವು ಅಂಗಡಿಯವರು ಹೇಳುತ್ತಾರೆಂದು ನಿಮ್ಮಲ್ಲೇ ಹಲವರು ದೂರಿದ್ದೀರಿ. ಹಾಗೆ ಕಟ್ಟಿ ಮಾರುವಂತಿಲ್ಲ. ರೈತ ಸಂಪರ್ಕ ಕೇಂದ್ರದಲ್ಲಿ ತಿಳಿಸಿ.

ಕೊಂಡಿದ್ದೇ ಆದರೆ ಲೇಬಲ್ ಓದಿಸಿಕೊಂಡು ಅಳತೆ ಮಾಡಿ. ಸೀಮೆಹುಲ್ಲನ್ನು 40-45 ದಿನಕ್ಕೊಮ್ಮೆ ಕೊಯ್ಯುತ್ತೀರಲ್ಲ, ಕೊಯ್ದು ಇಪ್ಪತ್ತು ದಿನವಾಗಿ ಎಲೆ ಹರಡಿದ ಮೇಲೆ ಬೆಳಿಗ್ಗೆಯೋ ಸಂಜೆಯೋ ಹೊಡೆಯಿರಿ. ಮುಂದಿನ ಕೊಯ್ಲಿಗೆ ಮೂರು ವಾರ ಬಿಡುವು ತಾನಾಗಿ ಸಿಗುತ್ತದೆ. ಹೊಡೆದ ಹುಲ್ಲನ್ನು ಮರುದಿನವೇ ಕೊಯ್ದು ಹಾಕುವುದು ಬೇಡ. ಕಳೆನಾಶಕ ಹೊಡೆದ ಪಂಪನ್ನಂತೂ ಮೇವಿಗೆ ಬಳಸಲೇಬೇಡಿ.

ನಾನು ನಿಜವಾಗಿ ಹೆದರುವುದು ಮೂಟೆಗೆ. ಯೂರಿಯಾ ಕರಗಿಸಿದ ಬಕೆಟನ್ನು ಕೊಟ್ಟಿಗೆಯಲ್ಲಿ ಇಟ್ಟರೆ ಹಸು ನೆಕ್ಕುತ್ತದೆ. ಅರ್ಧ, ಒಂದು ಗಂಟೆಯೊಳಗೆ ಜೊಲ್ಲು, ನಡುಕ, ಹೊಟ್ಟೆ ಉಬ್ಬರ, ತಡವಾದರೆ ಉಳಿಯುವುದಿಲ್ಲ. ಮೊದಲು ಫೋನ್ ಮಾಡಿ. ನಡುಗುವ ಹಸುವಿನ ಬಾಯಿಗೆ ಬಲವಂತವಾಗಿ ಏನನ್ನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋದೀತು. ಇನ್ನೊಂದು, ಯೂರಿಯಾ ಜಾಸ್ತಿ ಹಾಕಿದ ಜೋಳದ ಮೇವು ಬರದಲ್ಲಿ ಬಾಡಿ, ಮಳೆ ಬಿದ್ದು ಚಿಗುರಿದಾಗ ಅದರಲ್ಲಿ ನೈಟ್ರೇಟ್ ಏರಿರುತ್ತದೆ, ಬುಡದ ದಂಟಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಒಂದು ವಾರ ಬಿಟ್ಟು, ಬುಡ ಉಳಿಸಿ ಎತ್ತರಕ್ಕೆ ಕೊಯ್ಯಿರಿ, ಒಣ ಹುಲ್ಲು ಬೆರೆಸಿ ಹಾಕಿ. ಹಸು ಏದುಸಿರು ಬಿಡುತ್ತಾ ಒಸಡು ಕಂದು ಬಣ್ಣಕ್ಕೆ ತಿರುಗಿದರೆ ಆ ಮೇವು ಎಳೆದುಹಾಕಿ ಕೂಡಲೇ ನಮ್ಮನ್ನು ಕರೆಯಿರಿ. ಇದಕ್ಕೆ ಚುಚ್ಚುಮದ್ದು ಇದೆ, ಹೊತ್ತು ಮೀರಬಾರದು ಅಷ್ಟೇ.

ಬಾಟಲಿ ತಂದ ಆ ಅಕ್ಕ ಗೊಬ್ಬರ ಎಲ್ಲ ಸಾಲಿಗೂ ಒಂದೇ ಸಮ ಹಾಕಿ, ಅರ್ಧ ತಾಕಿಗೆ ಮಾತ್ರ ನ್ಯಾನೋ ಹೊಡೆದಿದ್ದಾರೆ. ಮುಂದಿನ ಕೊಯ್ಲಿಗೆ ಎರಡೂ ಕಡೆಯ ಹೊರೆಯನ್ನು ಬೇರೆ ಬೇರೆ ತೂಗಲಿದ್ದೇವೆ. ತಕ್ಕಡಿ ನಾನೇ ಒಯ್ಯುತ್ತೇನೆ.